‘ಬರ್ರಿ’ ಎಂಬವರಿಗೆ ಫ್ರೆಂಚ್ ದೂರವೆ?

ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನಿಗೆ ಫ್ರೆಂಚ್ ಭಾಷೆ ಎಟುಕೀತೆ? ಕರ್ನಾಟಕದ ಪದವಿಪೂರ್ವ ತರಗತಿಗಳಲ್ಲಿ ಆರಿಸಿಕೊಳ್ಳಬಹುದಾದ ಭಾಷೆಗಳಲ್ಲಿ ಫ್ರೆಂಚೂ ಒಂದು. ಆದರೆ ಅದು ಇಂಗ್ಲಿಷ್ ಬಲ್ಲ ಪಟ್ಟಣಿಗರ ಸೊತ್ತೆಂಬ ಭಾವನೆ ಬಲವಾಗಿದೆ. ಇಂಗ್ಲಿಷಿನ ಮೂಲಕವೇ ಫ್ರೆಂಚನ್ನು ಕಲಿಯಬೇಕೆಂಬ ಹಟ ಈ ಅಂಜಿಕೆಗೆ ಒಂದು ಕಾರಣ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಆಡುಮಾತಿನಲ್ಲಿ ಇದಕ್ಕಿಂತ ಹತ್ತಿರದ ದಾರಿಯೊಂದಿದೆ.

ಅಪ್ಪಣೆಯ ಮೂರು ರೂಪ

ಈ ಸೀಮೆಯಲ್ಲಿ ಮಗುವಿಗೆ ‘ಕೇಳು’ ಎನ್ನುವರು, ಬೀಗರಿಗೆ ‘ಕೇಳ್ರಿ’ ಎನ್ನುವರು; ಎಲ್ಲರೂ ಕೂಡಿದಾಗ ‘ಕೇಳೂಣು’ ಎನ್ನುವರು. ಫ್ರೆಂಚಿನ ವಿಧ್ಯರ್ಥಕ್ಕೂ ಇವೇ ಮೂರು ರೂಪಗಳು: ‘ಎಕೂತ್’, ‘ಎಕೂತೇ’, ‘ಎಕೂತೋಂ’. ‘ನೋಡು, ನೋಡ್ರಿ, ನೋಡೂಣು’ ಎಂಬುದು ‘ರೆಗಾರ್ದ್, ರೆಗಾರ್ದೇ, ರೆಗಾರ್ದೋಂ’ ಆಗುತ್ತದೆ. ‘ನೀವು’ ಎಂಬಂತೆ ಫ್ರೆಂಚಿನ ‘ವೂ’ ಸಹ ಹಲವರಿಗೂ ಸಲ್ಲುತ್ತದೆ, ಮರ್ಯಾದೆಯ ಒಬ್ಬರಿಗೂ ಸಲ್ಲುತ್ತದೆ. ದೇವರಿಗೆ ಮಾತ್ರ ಎರಡೂ ಕಡೆ ಏಕವಚನವೇ!

ಇಂಗ್ಲಿಷಿನಲ್ಲಿ ಇಂದು ಮಗುವಿಗೂ ಮಾವನಿಗೂ ಒಂದೇ ‘ಯೂ’. ಅಪ್ಪಣೆಗೂ ಒಂದೇ ರೂಪ. ಆ ದಾರಿಯಿಂದ ಬಂದವನು ಈ ಭೇದವನ್ನು ಹೊಸದಾಗಿ ಕಲಿಯಬೇಕು. ಪಟ್ಟಣದಲ್ಲಿ ಕೆಲವರು ನಗುವ ಆ ‘ರಿ’ಕಾರವೇ ಧಾರವಾಡದ ಹುಡುಗನ ಕೈಯಲ್ಲಿರುವ ಕೀಲಿಕೈ. ‘ಇರು, ಹೊಂದು, ಅರಿ, ಬಯಸು’ ಎಂಬರ್ಥದ ನಾಲ್ಕು ಧಾತುಗಳ ವಿಧ್ಯರ್ಥ ರೂಪಗಳು ಮಾತ್ರ ವಿಲಕ್ಷಣವಾದುವು. ಅವನ್ನು ಬಾಯಿಪಾಠ ಮಾಡಿದರಾಯಿತು.

ಬಿಳಿ ಎತ್ತು, ಬಿಳಿ ಆಕಳು

ನಿಜವಾದ ತೊಡಕು ಗುಣವಾಚಕದಲ್ಲಿದೆ. ಎರೆಭೂಮಿಯ ಒಕ್ಕಲಿಗನಿಗೆ ಎತ್ತೂ ‘ಬಿಳಿ’, ಆಕಳೂ ‘ಬಿಳಿ’. ಫ್ರೆಂಚಿನವನಿಗೆ ಎತ್ತು ‘ಬ್ಲಾಂ’, ಆಕಳು ‘ಬ್ಲಾಂಶ್’. ಅಷ್ಟೇ ಅಲ್ಲ, ಗೋಡೆ ಪುಲ್ಲಿಂಗ, ಮನೆ ಸ್ತ್ರೀಲಿಂಗ; ಒಂದೇ ಸುಣ್ಣ ಬಳಿದರೂ ಗೋಡೆ ‘ಬ್ಲಾಂ’, ಮನೆ ‘ಬ್ಲಾಂಶ್’! ನಮ್ಮ ಮಕ್ಕಳ ಚಂದಮಾಮನೂ ಅಲ್ಲಿ ಹೆಣ್ಣು. ಬಣ್ಣವನ್ನು ಹೇಳುವ ಪದ ನಾಮಪದದ ಹಿಂದೆ ನಿಲ್ಲದೆ ಮುಂದೆ ಬರುತ್ತದೆ. ಬಹುವಚನದಲ್ಲಿ ಸಾಮಾನ್ಯವಾಗಿ ಬರೆಯುವ ‘ಎಸ್’ ಅಕ್ಷರವೋ ಹೆಚ್ಚಾಗಿ ಕಿವಿಗೆ ಕೇಳಿಸುವುದೇ ಇಲ್ಲ.

ಇಲ್ಲಿಯೂ ಕನ್ನಡ ಕೈಬಿಡದು. ‘ಗುಣವಂತ, ಗುಣವಂತೆ’, ‘ಒಳ್ಳೆಯವನು, ಒಳ್ಳೆಯವಳು, ಒಳ್ಳೆಯವರು’ ಎನ್ನುವಾಗ ನಾವೂ ಲಿಂಗ, ವಚನಗಳನ್ನು ಹೊಂದಿಸುತ್ತೇವೆ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸಿದರೆ, ಫ್ರೆಂಚಿನಲ್ಲಿ ಅದು ಶಬ್ದಕ್ಕೇ ಅಂಟಿಕೊಂಡಿದೆ. ಆದುದರಿಂದ ‘ಮನೆ’ ಎಂಬ ಒಂಟಿ ಶಬ್ದವನ್ನಲ್ಲ, ‘ಬಿಳಿಯ ಮನೆ’ ಎಂಬ ಜೋಡಿಯನ್ನೇ ‘ಮೇಜೋಂ ಬ್ಲಾಂಶ್’ ಎಂದು ಕಲಿಯುವುದು ಲೇಸು.

ಕಿಟ್ಟೆಲರ ಮೇಲ್ಪಂಕ್ತಿ

ಜರ್ಮನಿಯಿಂದ 1853ರಲ್ಲಿ ಕನ್ನಡನಾಡಿಗೆ ಬಂದ ಫರ್ಡಿನಂಡ್ ಕಿಟ್ಟೆಲರು ಧಾರವಾಡ ಸೀಮೆಯಲ್ಲಿಯೂ ಇದ್ದವರು. ಅವರು ನಡೆದದ್ದು ಇದರ ಎದುರು ದಿಕ್ಕಿನ ದಾರಿ. ಅವರ ತಾಯ್ನುಡಿಯಲ್ಲಿ ಗುಣವಾಚಕಗಳು ಲಿಂಗಕ್ಕೆ ತಕ್ಕಂತೆ ಮಾರ್ಪಡುತ್ತವೆ. ಕನ್ನಡದ ‘ಬಿಳಿ’ ಮಾರ್ಪಡದು. ಕಿಟ್ಟೆಲರು ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ 1872ರಲ್ಲಿ ಪ್ರಕಟಿಸಿದರು. 1894ರಲ್ಲಿ ಅವರ ಮಹಾನಿಘಂಟು, 1903ರಲ್ಲಿ ಕನ್ನಡ ವ್ಯಾಕರಣ ಹೊರಬಂದವು. ಆ ವ್ಯಾಕರಣಕ್ಕೆ ಅವರು ಆಧಾರವಾಗಿ ಹಿಡಿದದ್ದು ಕೇಶಿರಾಜನನ್ನೇ.

ಪರಭಾಷೆಯನ್ನು ಅದರದೇ ಕಟ್ಟಳೆಯಲ್ಲಿ ಅರಿಯಬೇಕು. ಅದಕ್ಕೆ ಏರುವ ಮೆಟ್ಟಿಲು ಮಾತ್ರ ತಾಯ್ನುಡಿಯದಾಗಿರಬಹುದು. ಧಾರವಾಡದ ಹಳ್ಳಿಯ ವಿದ್ಯಾರ್ಥಿ ಫ್ರೆಂಚ್ ತರಗತಿಗೆ ಕಾಲಿಡುವ ಮುನ್ನ ತನ್ನ ‘ಬರ್ರಿ’ಯನ್ನು ಬಾಗಿಲಾಚೆ ಬಿಟ್ಟುಬರಬೇಕಾಗಿಲ್ಲ. ಅಲ್ಲಿ ಮೊದಲು ಉಪಯೋಗಕ್ಕೆ ಬರುವುದು ಅದೇ.