ಯಾರೂ ಬಿತ್ತದ ಹೂಗಳು, ಯಾರೂ ಕರೆಯದ ಅತಿಥಿಗಳು

ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಬೆಂಗಳೂರಿನ ಲಾಲ್‌ಬಾಗ್‌ಗೆ ಜನ ಕಿಕ್ಕಿರಿದು ಬರುತ್ತಾರೆ. ಗಾಜಿನ ಮನೆಯ ಫಲಪುಷ್ಪ ಪ್ರದರ್ಶನವನ್ನು ಕಣ್ತುಂಬಿಕೊಳ್ಳುತ್ತಾರೆ. ಅದೇ ಮಳೆಗಾಲದಲ್ಲಿ ನಗರದ ಯಾವುದೇ ಉದ್ಯಾನದ ಬೇಲಿಯಂಚಿಗೆ, ಹುಲ್ಲು ಕತ್ತರಿಸುವ ಯಂತ್ರ ತಲುಪದ ಮೂಲೆಗೆ ಹೋಗಿ ನೋಡಿ. ಅಲ್ಲಿನ ಹೂಗಳನ್ನು ಯಾರೂ ಬಿತ್ತಿಲ್ಲ, ಯಾರೂ ನೀರೆರೆದಿಲ್ಲ. ಎಷ್ಟೋ ಕೀಟಗಳ ಊಟ, ವಸತಿ, ಬಾಣಂತನ ಎಲ್ಲವೂ ಅಲ್ಲೇ.

ಶಿವನಿಗೆ ಪ್ರಿಯವಾದ ತುಂಬೆಯನ್ನೇ ನೋಡಿ. ಬೆಳ್ಳನೆಯ ಹೂವಿನ ಕೆಳದುಟಿ ಜೇನಿಗೆ ಹಾಕಿಟ್ಟ ಮಣೆಯಂತಿದೆ. ಅದರ ಮೇಲೆ ಕೂತು ಮಕರಂದಕ್ಕೆ ತಲೆ ತೂರಿಸಿದಾಗ ಮೇಲ್ದುಟಿಯಡಿಯ ಕೇಸರಗಳು ಜೇನಿನ ಮೈಗೆ ಪರಾಗ ಸವರುತ್ತವೆ. ಮುಂದಿನ ಹೂವಿಗೆ ಅದೇ ಪರಾಗ ದಾಟುತ್ತದೆ.

ನೆಲಕ್ಕಂಟಿ ಹಬ್ಬುವ ಪುಲ್ಲಂಪುರಚಿಯ ಎಲೆ ಹುಳಿ, ಹೂವು ಪುಟ್ಟ ಹಳದಿ. ಹುಲ್ಲಿನ ಮಟ್ಟದಲ್ಲೇ ಹಾರಾಡುವ ಒಂದು ಕಿರು ನೀಲಿಚಿಟ್ಟೆ ಮೊಟ್ಟೆಯಿಡುವುದು ಈ ಗಿಡದ ಮೇಲೆ. ಅದರ ಮರಿಹುಳು ಸಿಹಿರಸ ಸ್ರವಿಸುತ್ತದೆ. ಆ ರಸದಾಸೆಗೆ ಇರುವೆಗಳು ಅದರ ಸುತ್ತ ಸುಳಿಯುತ್ತವೆ. ಈ ಗಿಡವನ್ನು ಕಿತ್ತರೆ ಚಿಟ್ಟೆಯ ಮುಂದಿನ ಪೀಳಿಗೆಯನ್ನೇ ಕಿತ್ತಂತೆ.

ಎಕ್ಕದ ಹಾಲು ವಿಷ. ಆದರೂ ಕಪ್ಪು, ಬಿಳಿ, ಹಳದಿ ಪಟ್ಟೆಗಳ ಮರಿಹುಳುವೊಂದು ಅದರ ಎಲೆಯನ್ನೇ ಮೇಯುತ್ತದೆ. ಮುಂದೆ ಕಿತ್ತಳೆ ರೆಕ್ಕೆಯ ಪ್ಲೇನ್ ಟೈಗರ್ ಚಿಟ್ಟೆಯಾಗುವ ಈ ಹುಳು ಗಿಡದ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳಬಲ್ಲದು. ಹಾಗಾಗಿ ಹಕ್ಕಿಗಳು ಅದನ್ನು ತಿನ್ನಲು ಹಿಂಜರಿಯುತ್ತವೆ. ಎಕ್ಕದ ಹೂವಿಗೆ ಬರುವ ದಪ್ಪ ಕಪ್ಪು ದುಂಬಿ ಪರಾಗದ ಗಂಟನ್ನೇ ಕಾಲಿಗೆ ಸಿಕ್ಕಿಸಿಕೊಂಡು ಹೊರಡುತ್ತದೆ.

ತಾನಾಗಿ ಬೆಳೆದದ್ದೆಲ್ಲ ಉಳಿಯಬೇಕು ಎಂದಲ್ಲ. ಹೊರಗಿನಿಂದ ಬಂದ ಪಾರ್ಥೇನಿಯಂ ಉಳಿದ ಗಿಡಗಳನ್ನು ತಲೆಯೆತ್ತಲು ಬಿಡುವುದಿಲ್ಲ, ಮನುಷ್ಯರಿಗೂ ಅಲರ್ಜಿ ತರುತ್ತದೆ. ಇದನ್ನು ಹತ್ತಿಕ್ಕಲು ಮೆಕ್ಸಿಕೊದಿಂದ ತಂದ ಜೀರುಂಡೆಯನ್ನು 1984ರಲ್ಲಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ. ಮಳೆ ಬಿದ್ದ ಮೇಲೆ ಪಾರ್ಥೇನಿಯಂ ಎಲೆ ತೂತುತೂತಾಗಿದ್ದರೆ, ಕೆನೆಬಣ್ಣದ ಮೇಲೆ ಕಂದು ಗೆರೆಗಳಿರುವ ಈ ಕೀಟ ಅಲ್ಲೇ ಸಿಕ್ಕೀತು.

ಇವನ್ನೆಲ್ಲ ನೋಡಲು ಬೇಕಾದದ್ದು ತಾಳ್ಮೆ. ಬಿಸಿಲೇರಿ ಕೀಟಗಳು ಚುರುಕಾಗುವ ಬೆಳಗಿನ ಹೊತ್ತು, ಒಂದೇ ಗಿಡದ ಬಳಿ ಹತ್ತು ನಿಮಿಷ ಕುಕ್ಕರಗಾಲಲ್ಲಿ ಕೂರಿ. ನಿಮ್ಮ ನೆರಳು ಹೂವಿನ ಮೇಲೆ ಬೀಳದಿರಲಿ. ಎಲೆಯ ಕೆಳಗೂ ಇಣುಕಿ, ಏನನ್ನೂ ಕೀಳಬೇಡಿ. ಮಕ್ಕಳು ಜೊತೆಗಿದ್ದರೆ ಇನ್ನೂ ಒಳ್ಳೆಯದು. ನೆಲಕ್ಕೆ ಅವರ ಕಣ್ಣು ನಮಗಿಂತ ಹತ್ತಿರ.

ಉದ್ಯಾನಗಳ ಉಸ್ತುವಾರಿ ಹೊತ್ತವರಲ್ಲಿ ಒಂದು ಕೋರಿಕೆ. ಪಾರ್ಥೇನಿಯಂ ಕೀಳಿಸಿ, ನಡೆಯುವ ದಾರಿಯನ್ನು ಚೊಕ್ಕಟವಾಗಿಡಿ. ಆದರೆ ಬೇಲಿಯುದ್ದಕ್ಕೂ ಒಂದು ಪಟ್ಟಿ ನೆಲವನ್ನು ತುಂಬೆ, ಪುಲ್ಲಂಪುರಚಿಗಳು ಹೂಬಿಟ್ಟು ಬೀಜ ಉದುರಿಸುವವರೆಗೆ ಕತ್ತರಿಸದೆ ಬಿಡಿ. ‘ಇಲ್ಲಿ ಚಿಟ್ಟೆಗಳು ಬೆಳೆಯುತ್ತಿವೆ’ ಎಂಬ ಫಲಕ ನೆಟ್ಟರೆ ಅದು ಕಸದ ಜಾಗವಲ್ಲವೆಂದು ಜನರಿಗೂ ತಿಳಿಯುತ್ತದೆ. ಇದಕ್ಕೆ ಹಣ ಬೇಕಿಲ್ಲ. ಕತ್ತರಿಸುವ ಕೆಲಸವೂ ಅಷ್ಟು ಉಳಿಯುತ್ತದೆ.