ಉಪ್ಪುಗಾಲಿನವರ ಊರಿನಲ್ಲಿ ಒಂದು ವಾರ

ಮೆಕ್ಸಿಕೊದ ಪೆಸಿಫಿಕ್ ಕರಾವಳಿಯಲ್ಲಿ ಪುಯೆರ್ತೊ ವಯಾರ್ತಾ ಎಂಬ ಊರಿದೆ. ಅಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಅಡ್ಡಹೆಸರು: ಪಾತಾ ಸಲಾದಾ, ಅಂದರೆ ಉಪ್ಪುಗಾಲಿನವರು. ಅಂಗಾಲಿಗೆ ಸದಾ ಕಡಲಿನ ಉಪ್ಪು ಮೆತ್ತಿಕೊಂಡವರು ಎಂದು ಅರ್ಥ. ಊರಿನವರು ಈ ಹೆಸರನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹೊರಗಿನವರಿಗೆ ಮಾತ್ರ ಇದು ಬಿಸಿಲು, ಮರಳು ಮತ್ತು ಹೋಟೆಲುಗಳ ಊರು. ಚಳಿ ದೇಶಗಳ ಜನ ವಾರದ ರಜೆ ಹಿಡಿದು ಇಲ್ಲಿಗೆ ಬರುತ್ತಾರೆ, ಮೈ ಕಾಯಿಸಿಕೊಂಡು ಹೋಗುತ್ತಾರೆ.

ಆ ಒಂದು ವಾರವನ್ನು ಕಣ್ಣು ತೆರೆದು ಕಳೆದರೆ ಏನೇನು ತಿಳಿಯುತ್ತದೆ ಎಂಬುದೇ ಈ ಅಧ್ಯಾಯದ ವಿಷಯ. ವಾರವನ್ನೂ ಆರಿಸಿಕೊಂಡುಬಿಡೋಣ: ಡಿಸೆಂಬರ್ ತಿಂಗಳ ಎರಡನೆಯ ವಾರ. ಆ ಹೊತ್ತಿಗೆ ಮಳೆಗಾಲ ಮುಗಿದು ಚಂಡಮಾರುತಗಳ ಭಯ ಕಳೆದಿರುತ್ತದೆ, ಹಗಲು ಹಿತವಾಗಿ ಬೆಚ್ಚಗಿರುತ್ತದೆ. ತಿಮಿಂಗಿಲಗಳು ಬಂದಿರುತ್ತವೆ, ಕಡಲಾಮೆಯ ಮರಿಗಳು ಇನ್ನೂ ಹೊರಡುತ್ತಿರುತ್ತವೆ. ಊರಿನ ದೊಡ್ಡ ಹಬ್ಬವೂ ಆಗಲೇ.

ಉಪ್ಪಿಗಾಗಿ ಹುಟ್ಟಿದ ಊರು

ಪುಯೆರ್ತೊ ವಯಾರ್ತಾ ಇರುವುದು ಹಾಲಿಸ್ಕೊ ರಾಜ್ಯದಲ್ಲಿ, ಬಾಂದೆರಾಸ್ ಕೊಲ್ಲಿಯ ದಡದಲ್ಲಿ. ಕೊಲ್ಲಿಯ ಉತ್ತರಕ್ಕೆ ಪುಂತಾ ಮಿತಾ ಎಂಬ ಚಾಚು, ದಕ್ಷಿಣಕ್ಕೆ ಕಾಬೊ ಕೊರಿಯೆಂತೆಸ್ ಎಂಬ ಭೂಶಿರ. ದಕ್ಷಿಣದಲ್ಲಿ ಸಿಯೆರಾ ಮಾದ್ರೆ ಬೆಟ್ಟಗಳು ನೇರವಾಗಿ ಕಡಲಿಗೆ ಇಳಿಯುವುದರಿಂದ ನೀರು ನೂರಾರು ಮೀಟರ್ ಆಳ. ಉತ್ತರದ ಅಂಚು ಅಷ್ಟು ಆಳವಿಲ್ಲ. ನಡುವೆ ಹರಿದು ಬರುವ ಅಮೆಕಾ ನದಿಯೇ ರಾಜ್ಯಗಳ ಗಡಿ. ಆಚೆ ದಡ ನಯಾರೀತ್ ರಾಜ್ಯಕ್ಕೆ ಸೇರಿದ್ದು. 2010ರವರೆಗೆ ಆಚೆ ದಡದ ಗಡಿಯಾರ ಒಂದು ಗಂಟೆ ಹಿಂದೆ ಇತ್ತು. ಹೊಳೆ ದಾಟಿದವರು ವಿಮಾನ ತಪ್ಪಿಸಿಕೊಳ್ಳದಿರಲೆಂದು ಆ ವರ್ಷ ಕೊಲ್ಲಿಯ ಎರಡೂ ಕಡೆ ಒಂದೇ ಸಮಯ ಮಾಡಿದರು.

ಊರು ಹುಟ್ಟಿದ್ದು 1851ರಲ್ಲಿ ಎಂದು ಲೆಕ್ಕ. ಗ್ವಾದಲುಪೆ ಸಾಂಚೆಸ್ ಎಂಬಾತ ದೋಣಿಯಲ್ಲಿ ಉಪ್ಪು ತಂದು ಮಾರುತ್ತಿದ್ದ, ಕುವಾಲೆ ಹೊಳೆ ಕಡಲು ಸೇರುವಲ್ಲಿ ಮನೆ ಮಾಡಿ ನೆಲೆನಿಂತ. ಉಪ್ಪಿಗೆ ಗಿರಾಕಿಗಳು ಬೆಟ್ಟದ ಮೇಲಿದ್ದರು. ಅಲ್ಲಿನ ಗಣಿಗಳಲ್ಲಿ ಬೆಳ್ಳಿಯ ಅದಿರು ತೆಗೆಯುತ್ತಿದ್ದರು. ಸ್ಪೇನಿನವರ ಕಾಲದಿಂದ ಬಂದ ವಿಧಾನದಲ್ಲಿ ಅದಿರನ್ನು ಪುಡಿ ಮಾಡಿ, ಉಪ್ಪು ಮತ್ತು ಪಾದರಸ ಬೆರೆಸಿ, ಅಂಗಳದಲ್ಲಿ ಹರಡಿ ಹೇಸರಗತ್ತೆಗಳಿಂದ ತುಳಿಸುತ್ತಿದ್ದರು. ಬೆಳ್ಳಿಯನ್ನು ಅದಿರಿನಿಂದ ಬಿಡಿಸಲು ಉಪ್ಪು ಬೇಕೇ ಬೇಕು. ಹೀಗೆ ಕಡಲಿನಿಂದ ಉಪ್ಪು ಹೇಸರಗತ್ತೆಯ ಬೆನ್ನೇರಿ ಬೆಟ್ಟ ಹತ್ತುತ್ತಿತ್ತು. ಆಗ ಊರಿನ ಹೆಸರು ಲಾಸ್ ಪೆನ್ಯಾಸ್, ಅಂದರೆ ಬಂಡೆಗಳು. 1918ರಲ್ಲಿ ಅದು ಪುರಸಭೆಯಾದಾಗ, ಹಿಂದೊಮ್ಮೆ ಹಾಲಿಸ್ಕೊದ ರಾಜ್ಯಪಾಲರಾಗಿದ್ದ ನ್ಯಾಯವೇತ್ತ ಇಗ್ನಾಸಿಯೊ ವಯಾರ್ತಾ ಅವರ ಹೆಸರು ಪಡೆಯಿತು.

ಜಗತ್ತಿಗೆ ಈ ಊರಿನ ಪರಿಚಯವಾದದ್ದು ಒಂದು ಸಿನಿಮಾದಿಂದ. 1963ರಲ್ಲಿ ನಿರ್ದೇಶಕ ಜಾನ್ ಹ್ಯೂಸ್ಟನ್ ‘ದ ನೈಟ್ ಆಫ್ ದ ಇಗ್ವಾನಾ’ ಚಿತ್ರವನ್ನು ಇಲ್ಲಿಗೆ ಹತ್ತಿರದ ಮಿಸ್ಮಲೊಯಾ ಎಂಬ ಕಡಲಂಚಿನಲ್ಲಿ ಚಿತ್ರೀಕರಿಸಿದರು. ನಾಯಕ ರಿಚರ್ಡ್ ಬರ್ಟನ್. ಅವರ ಜೊತೆಗೆ, ಚಿತ್ರದಲ್ಲಿ ಪಾತ್ರವಿಲ್ಲದಿದ್ದರೂ, ಎಲಿಜಬೆತ್ ಟೇಲರ್ ಬಂದಿದ್ದರು. ಇಬ್ಬರ ಪ್ರೇಮಪ್ರಕರಣ ಆಗ ಲೋಕದ ಬಾಯಲ್ಲಿತ್ತು. ಸುದ್ದಿಗಾರರ ದಂಡೇ ಬಂತು, ಸುದ್ದಿಯ ಹಿಂದೆ ಪ್ರವಾಸಿಗರು ಬಂದರು. 1968ರಲ್ಲಿ ಊರು ನಗರವೆನಿಸಿಕೊಂಡಿತು. ಉಪ್ಪು ಮಾರುತ್ತಿದ್ದ ದಡ ಬಿಸಿಲು ಮಾರತೊಡಗಿತು.

ತವರಿಗೆ ಬರುವವರು

ರಜೆಗೆ ಬರುವವರಲ್ಲಿ ಬಹು ದೂರದಿಂದ ಈಜಿ ಬರುವವು ಹಂಪ್‌ಬ್ಯಾಕ್ ತಿಮಿಂಗಿಲಗಳು. ಬೇಸಿಗೆಯನ್ನು ಅವು ಕ್ಯಾಲಿಫೋರ್ನಿಯಾದಿಂದ ಅಲಾಸ್ಕಾವರೆಗಿನ ತಂಪು ಕಡಲಿನಲ್ಲಿ ಕಳೆಯುತ್ತವೆ. ಸಣ್ಣ ಮೀನುಗಳನ್ನೂ ಸಿಗಡಿಯಂಥ ಕ್ರಿಲ್‌ಗಳನ್ನೂ ತಿಂದು ಮೈಯಲ್ಲಿ ಕೊಬ್ಬು ತುಂಬಿಕೊಳ್ಳುತ್ತವೆ. ಚಳಿಗಾಲ ಬಂತೆಂದರೆ ಸಾವಿರಾರು ಕಿಲೋಮೀಟರ್ ಈಜಿ ಈ ಬೆಚ್ಚನೆಯ ನೀರಿಗೆ ಇಳಿದು ಬರುತ್ತವೆ. ಇಲ್ಲಿ ಅವುಗಳಿಗೆ ಊಟ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬರುವುದು ಕೂಡಲು ಮತ್ತು ಹೆರಲು. ತಾನು ಹುಟ್ಟಿದ ಬೆಚ್ಚನೆಯ ನೀರಿಗೇ ಮರಳುವುದು ಈ ಜೀವಿಯ ರೂಢಿ, ಹಾಗಾಗಿ ಇದು ತವರಿನ ಬಾಣಂತನವೇ ಸರಿ.

ಹುಟ್ಟುವಾಗಲೇ ಮರಿ ನಾಲ್ಕು ಮೀಟರಿಗೂ ಉದ್ದ. ಆದರೂ ಅದಕ್ಕೆ ಮೈಯಲ್ಲಿ ಕೊಬ್ಬಿನ ಹೊದಿಕೆ ತೆಳು, ಹೆಚ್ಚು ಹೊತ್ತು ಉಸಿರು ಹಿಡಿಯಲು ಬರುವುದಿಲ್ಲ. ತಾಯಿ ಅದನ್ನು ಕೊಲ್ಲಿಯ ಆಳವಿಲ್ಲದ ನೀರಿನಲ್ಲಿ ಇಟ್ಟುಕೊಂಡು, ಬೆಣ್ಣೆಯಷ್ಟು ಗಟ್ಟಿಯಾದ ಹಾಲು ಕುಡಿಸುತ್ತದೆ. ತನಗೆ ಉಪವಾಸ, ಮಗುವಿಗೆ ಹಾಲು. ಗಂಡು ತಿಮಿಂಗಿಲಗಳು ನೀರೊಳಗೆ ಹಾಡುತ್ತವೆ. ದೋಣಿಯವರು ಕಡಲಿಗೆ ಮೈಕ್ ಇಳಿಬಿಟ್ಟರೆ ಆ ದೀರ್ಘ ನರಳುದನಿಯನ್ನು ಪ್ರಯಾಣಿಕರೂ ಕೇಳಬಹುದು. ತಿಮಿಂಗಿಲ ಮುಳುಗುವಾಗ ಮೇಲೆತ್ತುವ ಬಾಲದ ಅಡಿಭಾಗದಲ್ಲಿ ಕಪ್ಪು ಬಿಳುಪಿನ ಚಿತ್ತಾರವಿದೆ. ಅದು ನಮ್ಮ ಬೆರಳಚ್ಚಿನ ಹಾಗೆ ಒಂದರದ್ದು ಇನ್ನೊಂದಕ್ಕೆ ಇಲ್ಲ. ಅದರ ಫೋಟೊ ಹಿಡಿದೇ ವಿಜ್ಞಾನಿಗಳು ‘ಇದು ಹೋದ ವರ್ಷ ಬಂದದ್ದು’ ಎಂದು ಗುರುತಿಸುತ್ತಾರೆ.

ತಿಮಿಂಗಿಲ ತೋರಿಸುವ ದೋಣಿಗಳಿಗೆ ಸರ್ಕಾರದ ಪರವಾನಗಿ ಬೇಕು. ಡಿಸೆಂಬರ್ 8ರಿಂದ ಮಾರ್ಚ್ 23ರವರೆಗೆ ಮಾತ್ರ ಅನುಮತಿ. ಸಣ್ಣ ದೋಣಿಯಾದರೂ 60 ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ. ಬಾಣಂತಿಯ ಕೋಣೆಗೆ ಕಂಡಕಂಡವರು ನುಗ್ಗಬಾರದೆಂಬ ನಮ್ಮ ಮನೆಗಳ ಕಟ್ಟಳೆ ಅಲ್ಲಿ ಕಾನೂನಾಗಿದೆ. ಅಂದಹಾಗೆ ನಮ್ಮ ಅರಬ್ಬೀ ಸಮುದ್ರದಲ್ಲೂ ಹಂಪ್‌ಬ್ಯಾಕ್‌ಗಳಿವೆ. ಅವು ಹೀಗೆ ಧ್ರುವದ ಕಡೆಗೆ ಹೋಗಿ ಬರುವುದಿಲ್ಲ. ವರ್ಷವಿಡೀ ಅದೇ ಕಡಲಿನಲ್ಲಿರುವ, ಎಣಿಕೆಯಲ್ಲಿ ತೀರಾ ಕಡಿಮೆಯಾದ ಒಂಟಿ ಬಳಗ ಅದು.

ತವರಿಗೆ ಮರಳುವ ಇನ್ನೊಂದು ಜೀವಿ ಆಲಿವ್ ರಿಡ್ಲಿ ಕಡಲಾಮೆ. ಅಲ್ಲಿ ಅದನ್ನು ಗೊಲ್ಫೀನಾ ಎನ್ನುತ್ತಾರೆ. ಜುಲೈಯಿಂದ ಡಿಸೆಂಬರಿನವರೆಗೆ ಹೆಣ್ಣಾಮೆ ಇರುಳಲ್ಲಿ ದಡಕ್ಕೆ ಬಂದು ಹಿಂಗಾಲಿನಿಂದ ಗುಳಿ ತೋಡಿ ಸುಮಾರು ನೂರು ಮೊಟ್ಟೆ ಇಡುತ್ತದೆ. ಒಂದು ಕಾಲದಲ್ಲಿ ಮೊಟ್ಟೆಗೂ ಚರ್ಮಕ್ಕೂ ಅವುಗಳನ್ನು ಲೆಕ್ಕವಿಲ್ಲದಷ್ಟು ಕೊಂದರು. 1990ರಲ್ಲಿ ಮೆಕ್ಸಿಕೊ ಕಡಲಾಮೆ ಬೇಟೆಯನ್ನೂ ಮಾರಾಟವನ್ನೂ ಪೂರ್ತಿಯಾಗಿ ನಿಷೇಧಿಸಿತು. ಈಗ ಮೊಟ್ಟೆಗಳನ್ನು ಬೇಲಿ ಹಾಕಿದ ಮರಳಿನ ಮಡಿಗೆ ತಂದು ಹೂತು, ಸುಮಾರು ಒಂದೂವರೆ ತಿಂಗಳು ಕಾಯುತ್ತಾರೆ. ಮರಳಿನ ಬಿಸಿ ಹೆಚ್ಚಾದರೆ ಹೆಚ್ಚು ಹೆಣ್ಣು, ತಂಪಾದರೆ ಹೆಚ್ಚು ಗಂಡು ಹುಟ್ಟುತ್ತವೆ. ಲೋಕ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಅದೇ ಚಿಂತೆ.

ಮರಿ ಬಿಡುವ ಸಂಜೆಯನ್ನು ಹತ್ತಿರದಿಂದ ನೋಡಬೇಕು. ಸೂರ್ಯ ಮುಳುಗುವ ಹೊತ್ತು, ಮರಳಿನ ಮೇಲೆ ಒಂದು ಗೆರೆ ಎಳೆದಿರುತ್ತಾರೆ, ಜನ ಅದರ ಹಿಂದೆ ನಿಲ್ಲುತ್ತಾರೆ. ಸನ್‌ಸ್ಕ್ರೀನ್ ಬಳಿದ ಕೈಯಿಂದ ಮರಿಗಳನ್ನು ಮುಟ್ಟುವ ಹಾಗಿಲ್ಲ. ಅವು ಬುಟ್ಟಿಯಿಂದಲೋ ಚಿಪ್ಪಿನಿಂದಲೋ ಮರಳಿಗೆ ಇಳಿಯುತ್ತವೆ. ಅಂಗೈಯ ಅರ್ಧದಷ್ಟೂ ಇಲ್ಲದ ಬೂದುಗಪ್ಪು ಮರಿ, ನೀರಿನ ಮೇಲಿನ ಬೆಳಕಿನ ಕಡೆಗೆ ಮೂತಿ ತಿರುಗಿಸಿ, ಹುಟ್ಟಿನಂಥ ನಾಲ್ಕು ಕಾಲುಗಳನ್ನು ಆಡಿಸುತ್ತ ಹೊರಡುತ್ತದೆ. ಯಾರದೋ ಹೆಜ್ಜೆಗುರುತು ಅದಕ್ಕೆ ಕಂದಕ. ಬಿದ್ದು, ಹತ್ತಿ, ತುಸು ನಿಂತು, ಮತ್ತೆ ಹೊರಡುತ್ತದೆ. ಮೊದಲ ಅಲೆ ಬಂದು ಅದನ್ನು ಹಿಂದಕ್ಕೆ ಎಸೆಯುತ್ತದೆ, ಎರಡನೆಯದು ಒಯ್ಯುತ್ತದೆ. ಸಾವಿರ ಮರಿಗಳಲ್ಲಿ ಒಂದೆರಡು ಬೆಳೆದು ದೊಡ್ಡವಾದಾವು ಎಂಬುದು ರೂಢಿಯ ಅಂದಾಜು. ಹೊನ್ನಾವರದ ಕಾಸರಕೋಡಿನಲ್ಲಿ, ಕಾರವಾರದ ಕಡಲತೀರಗಳಲ್ಲಿ ಮೊಟ್ಟೆ ಇಡುವುದೂ ಇದೇ ಜಾತಿಯ ಆಮೆ. ಅಲ್ಲಿ ಅರಣ್ಯ ಇಲಾಖೆಯವರು, ಮೀನುಗಾರರು ಬಲೆ ಕಟ್ಟಿ ಕಾಯುವ ಗೂಡುಗಳನ್ನು ಕಂಡವರಿಗೆ ವಯಾರ್ತಾದ ಸಂಜೆ ಹೊಸದೆನಿಸದು.

ಸೋರೆಬುರುಡೆಯೊಳಗಿನ ಕಥೆ

ಊರಿನ ಕಡಲಬದಿಯ ನಡೆದಾರಿಗೆ ಮಾಲೆಕಾನ್ ಎಂದು ಹೆಸರು. ಕಡಲ್ಗುದುರೆಯ ಮೇಲೆ ಕುಳಿತ ಹುಡುಗನ ಕಂಚಿನ ವಿಗ್ರಹ ಅಲ್ಲಿನ ಗುರುತು. ಅದೇ ದಾರಿಯಲ್ಲಿ ದೊಡ್ಡ ಸೋರೆಬುರುಡೆಯನ್ನು ಹೆಗಲಿಗೆ ತೂಗುಹಾಕಿಕೊಂಡ ಮಾರಾಟಗಾರರು ನಡೆಯುತ್ತಾರೆ. ಅವರು ಮಾರುವುದು ‘ತೂಬಾ’. ಕೇಳಿದರೆ ಬುರುಡೆಯನ್ನು ಬಾಗಿಸಿ ಲೋಟಕ್ಕೆ ತಣ್ಣನೆಯ ರಸ ಸುರಿದು, ಮೇಲೆ ಹೆಚ್ಚಿದ ಸೇಬು, ಒಂದು ಹಿಡಿ ಕಡಲೆಕಾಯಿ ಬೀಜ ಉದುರಿಸಿ ಕೊಡುತ್ತಾರೆ.

ಕುಡಿದು ನೋಡಿದ ಕನ್ನಡಿಗರಿಗೆ ಆ ರುಚಿ ಗೊತ್ತಾಗುತ್ತದೆ: ಅದು ತೆಂಗಿನ ನೀರಾ. ಹೊಂಬಾಳೆಯ ತುದಿ ಕೊಯ್ದು, ತೊಟ್ಟಿಕ್ಕುವ ರಸ ಹಿಡಿಯುವ ಕೆಲಸ ನಮ್ಮ ಕರಾವಳಿಯ ಮೂರ್ತೆದಾರರದ್ದು ಹೇಗೋ ಅಲ್ಲಿಯೂ ಹಾಗೆಯೇ. ಮೆಕ್ಸಿಕೊಕ್ಕೆ ಈ ವಿದ್ಯೆ ಬಂದದ್ದು ಏಷ್ಯಾದಿಂದ. 1565ರಿಂದ 1815ರವರೆಗೆ, ಇನ್ನೂರೈವತ್ತು ವರ್ಷ, ಸ್ಪೇನಿನ ಹಡಗುಗಳು ಫಿಲಿಪ್ಪೀನ್ಸಿನ ಮನಿಲಾಕ್ಕೂ ಮೆಕ್ಸಿಕೊದ ಅಕಪುಲ್ಕೊಗೂ ಓಡಾಡಿದವು. ರೇಷ್ಮೆ, ಪಿಂಗಾಣಿ, ಮಸಾಲೆಗಳ ಜೊತೆಗೆ ಫಿಲಿಪ್ಪೀನ್ಸಿನ ನಾವಿಕರೂ ಬಂದರು. ಅವರಲ್ಲಿ ಅನೇಕರು ವಾಪಸು ಹಡಗು ಹತ್ತದೆ, ಹಾಲಿಸ್ಕೊದ ನೆರೆಯ ಕೊಲೀಮಾದ ಕರಾವಳಿಯಲ್ಲಿ ನೆಲೆಸಿ ತೆಂಗು ಇಳಿಸಿದರು. ‘ತೂಬಾ’ ಎಂಬ ಹೆಸರೂ ಅವರದ್ದೇ.

ಅತ್ತಿಂದಿತ್ತ ಬಂದದ್ದೂ ಕಡಿಮೆಯಲ್ಲ. ಸಂಜೆ ತೀರದಲ್ಲಿ ಸುಡುವ ಸರಾಂದಿಯಾದೊ ಮೀನನ್ನೇ ನೋಡಿ. ಕೆಂಬೇರಿಯಂಥ ಮೀನನ್ನು ಸೀಳಿ, ಪುಸ್ತಕದ ಹಾಗೆ ಬಿಡಿಸಿ, ಅರೆದ ಒಣಮೆಣಸು ಮತ್ತು ಲಿಂಬೆರಸ ಬಳಿದು ಕೆಂಡದ ಮೇಲಿಡುತ್ತಾರೆ. ಆ ಮೆಣಸು ಮೆಕ್ಸಿಕೊದ ಮಣ್ಣಿನಲ್ಲೇ ಪಳಗಿದ ಬೆಳೆ. ಅದನ್ನು ಪೋರ್ಚುಗೀಸರು ನಮ್ಮ ಪಶ್ಚಿಮ ಕರಾವಳಿಗೆ ತರದಿದ್ದರೆ ಬ್ಯಾಡಗಿ ಮೆಣಸಿನಕಾಯಿ ಇರುತ್ತಿರಲಿಲ್ಲ. ಟೊಮೆಟೊ, ಚಿಕ್ಕು ಎಂಬ ಹೆಸರುಗಳ ಬೇರು ಕೂಡ ಮೆಕ್ಸಿಕೊದ ಮೂಲನಿವಾಸಿಗಳ ನಾವಾತ್ಲ್ ಭಾಷೆಯಲ್ಲಿದೆ. ತೀರದಲ್ಲಿ ಕುಳಿತ ಕನ್ನಡಿಗನ ಒಂದು ಕೈಯಲ್ಲಿ ಏಷ್ಯಾದಿಂದ ಹೋದ ತೆಂಗಿನ ರಸ, ಇನ್ನೊಂದು ಕೈಯಲ್ಲಿ ನಮ್ಮಲ್ಲಿಗೆ ಬಂದ ಮೆಣಸಿನ ಖಾರ.

ಡಿಸೆಂಬರ್ 12

ಹಳೆಯ ಊರಿನ ನಡುವೆ ಗ್ವಾದಲುಪೆ ಮಾತೆಯ, ಅಂದರೆ ಮೇರಿಮಾತೆಯ, ಇಗರ್ಜಿ ಇದೆ. ಅದರ ಗೋಪುರದ ತುದಿಯಲ್ಲಿ ಕಿರೀಟವಿದೆ. 1995ರ ಅಕ್ಟೋಬರಿನ ಭೂಕಂಪದಲ್ಲಿ ಹಳೆಯ ಕಿರೀಟ ಕುಸಿಯಿತು, ಊರಿನವರು ಮತ್ತೆ ಹೊಸದು ಏರಿಸಿದರು. ಡಿಸೆಂಬರ್ 1ರಿಂದ ಹಬ್ಬದ ದಿನವಾದ 12ರವರೆಗೆ ಪ್ರತಿ ಸಂಜೆ ಈ ಇಗರ್ಜಿಗೆ ಮೆರವಣಿಗೆಗಳು ಬರುತ್ತವೆ. ಬರುವವರು ಯಾರು ಎಂಬುದೇ ಇಲ್ಲಿನ ವಿಶೇಷ. ಹೋಟೆಲಿನ ಕೋಣೆ ಗುಡಿಸುವವರು, ಅಡುಗೆಯವರು, ಅಂಗಡಿಗಳ ನೌಕರರು ತಂತಮ್ಮ ಗುಂಪು ಕಟ್ಟಿಕೊಂಡು, ಹೂವು, ಮೇಣದಬತ್ತಿ ಹಿಡಿದು ಹಾಡುತ್ತ ನಡೆಯುತ್ತಾರೆ. ಜೊತೆಗೆ ಗರಿಯ ಕಿರೀಟ ತೊಟ್ಟು, ಕಾಲಿಗೆ ಒಣಕಾಯಿಗಳ ಗೆಜ್ಜೆ ಕಟ್ಟಿದ ಕುಣಿತದವರು. ಬೀದಿಯ ಬದಿಯಲ್ಲಿ ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆಗಳ ಹಬೆ. ಬೆಳಿಗ್ಗೆ ಹಾಸಿಗೆಯ ಹೊದಿಕೆ ಬದಲಿಸಿದ ಹೆಂಗಸು ಸಂಜೆ ಈ ಬೀದಿಯ ಒಡತಿ. ಅತಿಥಿ ಆಗ ದಾರಿ ಬಿಟ್ಟು ನಿಲ್ಲಬೇಕು.

ಮರಳು ಯಾರದು?

ವಾರದ ಕೊನೆಗೆ ಈ ಪ್ರಶ್ನೆ ಬರಬೇಕು. ಮೆಕ್ಸಿಕೊದ ಕಾನೂನಿನಲ್ಲಿ ಉತ್ತರ ನೇರವಾಗಿದೆ: ಕಡಲತೀರ ರಾಷ್ಟ್ರದ ಸೊತ್ತು. ತೀರಕ್ಕೆ ಹೊಂದಿಕೊಂಡ 20 ಮೀಟರ್ ಅಗಲದ ಪಟ್ಟಿಯೂ ಕೇಂದ್ರ ಸರ್ಕಾರದ್ದು. ಹೋಟೆಲಿನವರು ಆ ಪಟ್ಟಿಯನ್ನು ಬಳಸಲು ಪರವಾನಗಿ ಪಡೆಯಬಹುದು, ಕೊಳ್ಳಲಾಗದು. 1917ರ ಸಂವಿಧಾನದ ಪ್ರಕಾರ ಕರಾವಳಿಯಿಂದ 50 ಕಿಲೋಮೀಟರ್ ಒಳಗೆ ವಿದೇಶಿಯರು ನೇರವಾಗಿ ಭೂಮಿಯ ಒಡೆಯರಾಗುವಂತಿಲ್ಲ. ಮನೆ ಬೇಕಾದವರು ಬ್ಯಾಂಕಿನ ಟ್ರಸ್ಟಿನ ಮೂಲಕ ಪಡೆಯಬೇಕು. ತೀರಕ್ಕೆ ಹೋಗುವ ದಾರಿ ಮುಚ್ಚುವವರಿಗೆ ದಂಡ ಹಾಕಲು 2020ರಲ್ಲಿ ಕಾನೂನು ತಿದ್ದಿದರು. ತಿದ್ದಬೇಕಾಗಿ ಬಂತೆಂದರೆ, ಕಾಗದದ ಮೇಲಿನ ಹಕ್ಕು ಮರಳಿನ ಮೇಲೆ ಎಲ್ಲೆಡೆ ಸಿಗುತ್ತಿರಲಿಲ್ಲ ಎಂದೂ ಅರ್ಥ.

ಕೊಲ್ಲಿಯ ಬಾಯಲ್ಲಿರುವ ಮರಿಯೆತಾಸ್ ದ್ವೀಪಗಳು ಇನ್ನೊಂದು ಪಾಠ ಹೇಳುತ್ತವೆ. ಅಲ್ಲಿ ಬಂಡೆಯೊಳಗೆ ಅಡಗಿದ ಪುಟ್ಟ ತೀರವೊಂದಿದೆ. ಅದರ ಚಿತ್ರಗಳು ಹರಿದಾಡಿದ್ದೇ ತಡ, ಜನ ಮುಗಿಬಿದ್ದರು, ಹವಳ ನಲುಗಿತು. 2016ರಲ್ಲಿ ಆ ತೀರವನ್ನು ಕೆಲವು ತಿಂಗಳು ಮುಚ್ಚಿ, ಬಳಿಕ ದಿನಕ್ಕೆ 116 ಜನರಿಗೆ ಮಾತ್ರ ಎಂದು ಮಿತಿ ಹಾಕಿ ತೆರೆದರು.

ಈ ಕೊಲ್ಲಿಗೆ ಬಂದವರೆಲ್ಲ ಹೊರಗಿನವರೇ. ಉಪ್ಪಿನ ಸಾಂಚೆಸ್ ಬಂದ, ಫಿಲಿಪ್ಪೀನ್ಸಿನ ತೂಬಾ ಬಂತು, ಸಿನಿಮಾದವರು ಬಂದರು. ತಿಮಿಂಗಿಲ ಪ್ರತಿ ವರ್ಷ ಬಂದು, ಹೆತ್ತು, ನೀರನ್ನು ಇದ್ದ ಹಾಗೇ ಬಿಟ್ಟು ಹೊರಟುಹೋಗುತ್ತದೆ. ಪ್ರವಾಸಿಯೂ ಹಾಗೆ ಬಂದು ಹೋಗಬಹುದು. ತೂಬಾ ಮಾರುವವನ ಬಳಿ ಚೌಕಾಸಿಗೆ ಇಳಿಯದಿರುವುದು, ಆಮೆಯ ಗೆರೆ ದಾಟದಿರುವುದು, ಪರವಾನಗಿ ಇರುವ ದೋಣಿಯನ್ನೇ ಹತ್ತುವುದು, ಮೆರವಣಿಗೆಗೆ ದಾರಿ ಬಿಡುವುದು ದೊಡ್ಡ ತ್ಯಾಗಗಳೇನಲ್ಲ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎನ್ನುತ್ತದೆ ನಮ್ಮ ಗಾದೆ. ಊರು ಬಿಡುವ ದಿನ ಎಷ್ಟು ತೊಳೆದರೂ ಚಪ್ಪಲಿಯ ಅಂಚಿನಲ್ಲಿ ಒಂದಿಷ್ಟು ಉಪ್ಪು ಉಳಿದಿರುತ್ತದೆ. ಅದು ಉಪ್ಪುಗಾಲಿನವರು ಕೊಟ್ಟು ಕಳಿಸಿದ್ದು.