ಹೊಸಬನ ಕೈಗೊಂದು ಕೈಪಿಡಿ

ವಿದ್ಯೆಯನ್ನು ಗಳಿಸುವುದು ಒಂದು ಕಷ್ಟ. ಗಳಿಸಿದ್ದನ್ನು ಮುಂದಿನವನ ಕೈಗೆ ದಾಟಿಸುವುದು ಅದಕ್ಕಿಂತ ದೊಡ್ಡ ಕಷ್ಟ. ನಮ್ಮ ಅಂಕೋಲಾ ತಾಲೂಕಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದು, ಯಾವ ಬೀಜವನ್ನು ಯಾವ ತಾಯಿಮರದಿಂದ ಯಾವ ಕಾಲಕ್ಕೆ ಆಯಬೇಕೆಂಬುದನ್ನು ಕರತಲಾಮಲಕವಾಗಿ ತಿಳಿದುಕೊಂಡಿದ್ದರು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿಯೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀಯನ್ನು ಸ್ವೀಕರಿಸಿದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಮಗ್ಗುಲಲ್ಲಿ ನಿಂತು ಕಲಿತವರು ಪುಣ್ಯವಂತರು. ಉಳಿದವರ ಪಾಲಿಗೆ ಆ ಅರಿವಿನ ಬಹುಭಾಗ ಅವರೊಂದಿಗೇ ಹೋಯಿತು.

ಗಣಕಯಂತ್ರದ ಲೋಕದಲ್ಲಿಯೂ ಇಂಥದೇ ಒಂದು ತೋಟವಿದೆ. ಅದಕ್ಕೆ ಮುಕ್ತ ತಂತ್ರಾಂಶವೆಂದು ಹೆಸರು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಎಂಬುದು ಇಂಥ ತಂತ್ರಾಂಶಗಳ ಒಂದು ಮಹಾಭಂಡಾರ. ಅಲ್ಲಿ ಪ್ರತಿಯೊಂದು ತಂತ್ರಾಂಶವನ್ನೂ ಅಚ್ಚುಕಟ್ಟಾಗಿ ಕಟ್ಟಿ ಇಟ್ಟಿರುತ್ತಾರೆ. ಆ ಕಟ್ಟಿಗೆ ಪ್ಯಾಕೇಜು ಎನ್ನುತ್ತಾರೆ. ಪ್ರತಿಯೊಂದು ಪ್ಯಾಕೇಜಿಗೂ ಒಬ್ಬ ಪಾಲಕನೋ ಪಾಲಕರ ಗುಂಪೋ ಇರಬೇಕು. ಬಹುಪಾಲು ಪಾಲಕರು ಬಿಡುವಿನ ವೇಳೆಯಲ್ಲಿ ಸ್ವಂತ ಇಚ್ಛೆಯಿಂದ ದುಡಿಯುವವರು. ಪಾಲಕ ಕೈಬಿಟ್ಟ ಪ್ಯಾಕೇಜನ್ನು ಅಲ್ಲಿ 'ಅನಾಥ'ವೆಂದೇ ಕರೆಯುತ್ತಾರೆ; ಅದನ್ನು ವಹಿಸಿಕೊಳ್ಳುವುದಕ್ಕೆ 'ದತ್ತು' ಎನ್ನುತ್ತಾರೆ. ಯಂತ್ರಗಳ ನಡುವೆ ಬಾಳುವವರು ಇಷ್ಟು ಸಂಸಾರದ ಮಾತುಗಳನ್ನು ಆಡುವರೆಂದು ತಿಳಿದಾಗ ನನಗೆ ಆಶ್ಚರ್ಯವೂ ಸಂತೋಷವೂ ಆಯಿತು.

ಇದರಿಂದ ಕನ್ನಡಕ್ಕೇನು ಎಂದು ವಾಚಕರು ಕೇಳಬಹುದು. ಪರದೆಯ ಮೇಲೆ 'ಕರ್ನಾಟಕ' ಎಂದು ಬರೆಯಬೇಕಾದರೆ ಅರ್ಕಾವತ್ತು ಬೇಕು. ಕೇದಗೆ, ಮಲ್ಲಿಗೆ ಎಂಬ ಹಿಂದಿನ ಮುಕ್ತ ಅಕ್ಷರವಿನ್ಯಾಸಗಳಲ್ಲಿ ಅದು ಕೆಲವೆಡೆ ಸರಿಯಾಗಿ ಮೂಡುತ್ತಿರಲಿಲ್ಲ. ಆ ಕೊರತೆಯನ್ನು ನೀಗಿಸಲೆಂದೇ 'ಗುಬ್ಬಿ' ಎಂಬ ವಿನ್ಯಾಸ ಸಿದ್ಧವಾಯಿತು. ಡೆಬಿಯನ್ನಿನ ಭಂಡಾರದಲ್ಲಿ ಪ್ಯಾಕೇಜಾಗಿ ಸೇರಿತು. ಕೈಬರಹದ ಚೆಲುವನ್ನು ಹೋಲುವ 'ನವಿಲು' ಕೂಡ ಅಲ್ಲಿ ಬಂದು ಕುಳಿತಿತು. ನಾಳೆ ಈ ಗುಬ್ಬಿಯ ಪಾಲನೆಗೆ ಹೊಸಬನೊಬ್ಬ ಬಂದನೆನ್ನಿ. ಅರ್ಕಾವತ್ತಿಗೆಂದು ಹಿಂದಿನವರು ಸೇರಿಸಿದ ಒಂದು ನಿಯಮ ಅವನಿಗೆ ಅನಾವಶ್ಯಕವಾದ ಕಸವೆಂದು ತೋರಬಹುದು. ಅದು ಏಕೆ ಅಲ್ಲಿದೆಯೆಂದು ಒಂದು ಸಾಲು ಬರೆದಿಟ್ಟಿದ್ದರೆ ಅವನು ಕೈ ತಡೆಯುತ್ತಾನೆ. ಬರೆಯದಿದ್ದರೆ ಗುಡಿಸಿ ಹಾಕುತ್ತಾನೆ. ನಮ್ಮ ನಾಡಿನ ಹೆಸರೇ ಪರದೆಯ ಮೇಲೆ ಸೊಟ್ಟಗಾಗುತ್ತದೆ.

ಹೊಸಬರಿಗಾಗಿ ಕೈಪಿಡಿ ಬರೆಯುವ ಪರಂಪರೆ ಡೆಬಿಯನ್ನಿನಲ್ಲಿ ಹಳೆಯದು. 1997ರಲ್ಲಿ ಜಲಧರ ವ್ಯಾಸ ಎಂಬವರೂ ವಿಲ್ ಲೋ ಎಂಬವರೂ ಒಂದೊಂದು ಬರಹವನ್ನು ಸಿದ್ಧಪಡಿಸಿದರು. ಅವುಗಳನ್ನು ಮಾದರಿಯಾಗಿಟ್ಟುಕೊಂಡು 1998ರಲ್ಲಿ ಜೋಸಿಪ್ ರೋದಿನ್ ಹೊಸ ಪಾಲಕರ ಕೈಪಿಡಿಯನ್ನು ಬರೆದರು. ಅದನ್ನು ಒಸಾಮು ಆಓಕಿ ಮುಂದುವರಿಸಿದರು. ಕಾಲ ಬದಲಾದಾಗ ಅದರ ಜಾಗಕ್ಕೆ ಬೇರೊಂದು ಕೈಪಿಡಿಯನ್ನೇ ರಚಿಸಿದರು. ಹೀಗೆ ಮೊದಲಿಟ್ಟವನು ವ್ಯಾಸನೇ ಆದದ್ದು ಕಾಕತಾಳೀಯವಿರಬಹುದು. ಆದರೆ ಒಬ್ಬರ ಬರಹದ ಮೇಲೆ ಇನ್ನೊಬ್ಬರು ಕಟ್ಟುತ್ತ ಹೋದ ಈ ಕ್ರಮ ನಮ್ಮವರಿಗೆ ಅಪರಿಚಿತವೇನಲ್ಲ.

ಹಾಗಾದರೆ ಕೈಪಿಡಿ ಹೇಗಿರಬೇಕು? ರಾಮನಗುಳಿಯಲ್ಲಿ ಕುಳಿತು ಓದುವವನನ್ನು ಕಣ್ಣ ಮುಂದಿಟ್ಟುಕೊಂಡು ಬರೆದಂತಿರಬೇಕು ಎಂಬುದು ನನ್ನ ಉತ್ತರ. ಇದು ಊರಿನ ಅಭಿಮಾನದ ಮಾತಲ್ಲ. ಬೆಂಗಳೂರಿನ ತರುಣನಿಗೆ ಸಂಶಯ ಬಂದರೆ ಪಕ್ಕದ ಮೇಜಿನವನನ್ನು ಕೇಳಿಯಾನು. ಗಂಗಾವಳಿಯ ದಂಡೆಯ ಈ ಊರಿನಲ್ಲಿ, ಅಡಕೆ ತೋಟದ ನಡುವಿನ ಮನೆಯಲ್ಲಿ ಕುಳಿತವನಿಗೆ ಯಾರಿದ್ದಾರೆ? ಮಳೆ ಹಿಡಿಯಿತೆಂದರೆ ವಿದ್ಯುತ್ತೂ ಸಂಪರ್ಕವೂ ಒಟ್ಟಿಗೇ ಮುನಿಸಿಕೊಳ್ಳುತ್ತವೆ. 2019ರ ಆಗಸ್ಟಿನ ನೆರೆಯನ್ನು ಕಂಡವರಿಗೆ ಹೊರಲೋಕವೆಂಬುದು ಎಷ್ಟು ಬೇಗ ದೂರವಾಗುತ್ತದೆಂದು ಗೊತ್ತು. ಇಂಥಲ್ಲಿ ಬರಹವೇ ಗುರು. ಡೆಬಿಯನ್ನಿನವರು ಕೈಪಿಡಿಯನ್ನೇ ಒಂದು ಪ್ಯಾಕೇಜಾಗಿ ಮಾಡಿ, ಸಂಪರ್ಕವಿಲ್ಲದಾಗಲೂ ಯಂತ್ರದೊಳಗೇ ಓದಲು ಬರುವಂತೆ ಇಟ್ಟಿರುವುದು ಬಹಳ ವಿವೇಕದ ಕೆಲಸ.

ಆದರೆ ಅಷ್ಟು ಸಾಲದು. ಒಂದು ಪ್ಯಾಕೇಜಿಗೆ ನಾಲ್ಕು ಮುಖ್ಯ ಕಡತಗಳು ಬೇಕು: ಪರಿಚಯದ್ದೊಂದು, ಹಕ್ಕುಸ್ವಾಮ್ಯದ್ದೊಂದು, ಬದಲಾವಣೆಗಳ ದಿನಚರಿಯೊಂದು, ಕಟ್ಟುವ ವಿಧಾನದ್ದೊಂದು. ಪಳಗಿದವನು ಇವನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾನೆ. ಹೊಸಬನು ಎರಡನೆಯದರಲ್ಲಿಯೇ ಎಡವುತ್ತಾನೆ. ಪಳಗಿದವನಿಗೆ ತಾನು ಎಲ್ಲಿ ಎಡವಿದ್ದೆನೆಂಬ ನೆನಪು ಅಳಿಸಿಹೋಗಿರುತ್ತದೆ. ಆದ್ದರಿಂದ ಹೊಸಬನನ್ನೇ ಕೂಡಿಸಿ, ಕೈಪಿಡಿಯೊಂದನ್ನೇ ಕೊಟ್ಟು, ಅವನು ಎಲ್ಲಿ ನಿಂತನೆಂದು ಗುರುತು ಹಾಕಿಕೊಳ್ಳಬೇಕು. ಆ ಗುರುತುಗಳೇ ಮುಂದಿನ ಆವೃತ್ತಿಯ ವಿಷಯಸೂಚಿ. ಮೊದಲ ಅಧ್ಯಾಯದ ಕೊನೆಗೆ ಅವನ ಕೈಯಲ್ಲಿ ಚಿಕ್ಕದಾದರೂ ಸರಿ, ಪೂರ್ತಿಯಾದ ಒಂದು ಪ್ಯಾಕೇಜು ಇರಬೇಕು. ಹಳೆಯದಾದ ಸೂಚನೆಯ ನೆತ್ತಿಯ ಮೇಲೆ 'ಇದು ಹಳೆಯದು, ಹೊಸದು ಇಲ್ಲಿದೆ' ಎಂಬ ಫಲಕ ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, 'ಹೀಗೆ ಮಾಡು' ಎಂಬುದರ ಜೊತೆಗೆ 'ಹೀಗೇಕೆ' ಎಂಬುದೂ ಇರಬೇಕು.

ಇದು ಬರಿಯ ಅನುಕೂಲದ ಪ್ರಶ್ನೆಯಲ್ಲ. ಎಕ್ಸ್‌ಜೆಡ್ ಎಂಬ ತಂತ್ರಾಂಶವನ್ನು ಬಹುಕಾಲ ಒಬ್ಬನೇ ದಣಿಯುತ್ತ ನೋಡಿಕೊಂಡಿದ್ದ. ನೆರವಿನ ಸೋಗಿನಲ್ಲಿ ಬಂದ ಅಪರಿಚಿತನೊಬ್ಬ ವರ್ಷಗಟ್ಟಲೆ ವಿಶ್ವಾಸ ಗಳಿಸಿ, ಪರೀಕ್ಷೆಗೆಂದು ಇಟ್ಟ ಕಡತಗಳಲ್ಲಿ ಕಳ್ಳಬಾಗಿಲನ್ನು ಅಡಗಿಸಿದ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬವರು, ಯಂತ್ರವು ಅರ್ಧ ಸೆಕೆಂಡು ತಡವಾಗಿ ಉತ್ತರಿಸಿದ್ದನ್ನು ಕಂಡು ಬೆನ್ನುಹತ್ತಿ ಅದನ್ನು ಬಯಲಿಗೆಳೆದರು. ಯಾವ ಕಡತ ಏಕಿದೆ, ಹೇಗೆ ಬಂತು ಎಂಬ ಲೆಕ್ಕ ಬರೆದಿದ್ದರೆ ಕಳ್ಳನಿಗೆ ಮರೆ ಕಡಮೆಯಾಗುತ್ತದೆ; ಕೈಪಿಡಿ ಚೆನ್ನಾಗಿದ್ದರೆ ಒಂಟಿ ಪಾಲಕನಿಗೆ ಪ್ರಾಮಾಣಿಕರಾದ ಜೊತೆಗಾರರು ಸಿಗುತ್ತಾರೆ.

ಇಂಥ ಕೈಪಿಡಿಯೊಂದನ್ನು ತಿಳಿಗನ್ನಡದಲ್ಲಿ ಬರೆಯುವುದು ಅಸಾಧ್ಯದ ಮಾತಲ್ಲ. ನಾಲ್ಕು ಕಡತಗಳನ್ನು ವಿವರಿಸಲಾರದಷ್ಟು ಬಡ ಭಾಷೆ ನಮ್ಮದಲ್ಲ. ಬಲ್ಲವರು ಒಂದೊಂದು ಅಧ್ಯಾಯವನ್ನು ಹಂಚಿಕೊಳ್ಳಲಿ. ಬರೆದುದನ್ನು ಹಳ್ಳಿಯ ಕಾಲೇಜು ಹುಡುಗ ಹುಡುಗಿಯರ ಕೈಗೆ ಕೊಟ್ಟು, ಅವರು ಕೇಳುವ ಪ್ರಶ್ನೆಗಳನ್ನು ತಾಳ್ಮೆಯಿಂದ ಬರೆದುಕೊಳ್ಳಲಿ.